ಹಾಲುಹಲ್ಲು ಬೀಳ್ತದಂತ ಬಿಟ್ಟುಬಿಡೋದಾ?

ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆ ಮೂರ್ನಾಲ್ಕು ವರ್ಷದ ಕೂಸಿನ ಹಲ್ಲು ಹುಳುಕಾದ್ರ ದೊಡ್ಡವರು ಹೇಳೋದು ಒಂದೇ ಮಾತು: "ಹಾಲುಹಲ್ಲು ತಾನ, ನಾಳೆ ಬೀಳ್ತದ ಬಿಡ್ರಿ." ಈ ಮಾತಿಗೇ ನಮ್ಮ ತಕರಾರು.

ಯಾವ ನಾಳೆ? ಮುಂದಿನ ಹಲ್ಲು ಆರೇಳು ವರ್ಷಕ್ಕೆ ಬೀಳ್ತಾವ, ಖರೆ. ಅಗಿಯುವ ದವಡೆ ಹಲ್ಲು ಬೀಳೋದು 10ರಿಂದ 12ರ ವಯಸ್ಸಿಗೆ. ಅಂದ್ರೆ ನಾಲ್ಕು ವರ್ಷದ ಕೂಸು ಇನ್ನೂ ಆರೆಂಟು ವರ್ಷ ಒಂದೇ ಮಗ್ಗುಲಲ್ಲಿ ಅಗಿಯಬೇಕು, ರಾತ್ರಿ ಎದ್ದು ಅಳಬೇಕು, ಶಾಲೆಯಲ್ಲಿ ಕೆನ್ನೆ ಹಿಡಿದು ಕೂರಬೇಕು. ಬ್ಯಾಂಕಿನಲ್ಲಿ ಲೆಕ್ಕ ನೋಡುವ ನಮಗೆ ಇದು ದಿನಾ ಕಾಣೋ ಸಂಗತಿ: ಸಣ್ಣ ಬಾಕಿ ಬಿಟ್ಟರೆ ಅಸಲಿಗಿಂತ ಬಡ್ಡಿ ದೊಡ್ಡದಾಗ್ತದ. ನಂಜು ಬೇರಿಗಿಳಿದರೆ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟು ಬೀಳಬಹುದು. ಹಾಗಂತ ವೇಳೆಗೆ ಮೊದಲೇ ಕೀಳಿಸಿದರೆ ಪಕ್ಕದ ಹಲ್ಲು ವಾಲಿ, ಹೊಸದಕ್ಕೆ ಜಾಗ ಸಾಲದೆ ಸೊಟ್ಟ ಬರ್ತದ.

"ಅಷ್ಟು ಸಣ್ಣ ಕೂಸಿಗೆ ಮಷೀನ್ ಹಾಕಿಸೋದಾ?" ಅಂತಾರ. ಎಲ್ಲಾ ಹುಳುಕಿಗೂ ಮಷೀನ್ ಬೇಕಿಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಅನ್ನೋ ದ್ರವ ಹಚ್ಚಿದರೆ ಬಹಳಷ್ಟು ಹುಳುಕು ಅಲ್ಲಿಗೇ ನಿಲ್ಲುತ್ತದೆ. ಸೂಜಿ ಇಲ್ಲ, ಕೊರೆಯೋದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹುಳುಕಿನ ಜಾಗ ಕಪ್ಪಾಗ್ತದ, ಅಷ್ಟೇ. ಹೆಂಗೂ ಬೀಳೋ ಹಲ್ಲಂತ ನೀವೇ ಹೇಳಿದ್ರಲ್ಲ, ಅದಕ್ಕ ಚಂದ ಯಾಕ ಬೇಕು? ಆದರೆ ಮುಖ ಬಾತು ಜ್ವರ ಬಂದಿದ್ರ ಇದು ಸಾಲದು, ಅವತ್ತೇ ದಂತವೈದ್ಯರ ಹತ್ರ ಒಯ್ಯಬೇಕು. ಮೆಡಿಕಲ್ ಶಾಪಿನ ಗುಳಿಗೆ ನೋವು ಮರೆಸುತ್ತದೆ, ಹುಳುಕು ಹಂಗೇ ಇರ್ತದ.

ಇನ್ನು ಸರ್ಕಾರದ ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ತಪಾಸಣೆಯ ತಂಡ ಬರಬೇಕು. ಅವರು ನೋಡಬೇಕಾದ ಪಟ್ಟಿಯಲ್ಲಿ ಹಲ್ಲೂ ಇದೆ. ನಿಮ್ಮೂರಿಗೆ ಬಂದಾಗ ಕೂಸಿನ ಬಾಯಿ ತೆರೆಸಿ ನೋಡಿದ್ರಾ? ಬರೆದುಕೊಟ್ಟ ಚೀಟಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ರ, ಕನ್ನಡ ಮಾತ್ರ ಓದುವ ಅವ್ವಗೆ ಅದು ಬರೀ ಕಾಗದ. ಚೀಟಿ ಕನ್ನಡದಲ್ಲೂ ಬೇಕಂತ ಕೇಳೋದು ನಮ್ಮ ಹಕ್ಕು, ಕೇಳ್ತೇವೆ.

ಅಲ್ಲೀತನಕ ಕಾಯೋದು ಬ್ಯಾಡ. ತಂಡ ಬರೋ ದಿನ ಯಾವುದಂತ ಅಂಗನವಾಡಿ ಟೀಚರಿಗೆ ಕೇಳಿಟ್ಟುಕೊಳ್ರಿ. ತೆಲುಗು ಬಲ್ಲವರು ಓಣಿಗೊಬ್ಬರಾದ್ರೂ ಅಲ್ಲಿ ನಿಂತು, ಡಾಕ್ಟರ್ ಹೇಳಿದ್ದನ್ನು ಅವ್ವಂದಿರಿಗೆ ಕನ್ನಡದಲ್ಲಿ ಹೇಳ್ರಿ. ಮತ್ತ ಸಕ್ಕರೆ ಹಾಲಿನ ಬಾಟ್ಲಿ ಬಾಯಾಗಿಟ್ಟು ಕೂಸನ್ನ ಮಲಗಿಸೋದು ಇವತ್ತು ರಾತ್ರಿಯಿಂದಲೇ ಬಂದ್ ಆಗಲಿ.