ಅಳೆಯದೆ ಪಾಟ್ಲಿ ಬಿಚ್ಚುವುದಿಲ್ಲ

ನಮ್ಮ ಮೈದುನನ ಲಾರಿ 2008ರದು. ಬ್ಯಾಡಗಿಯ ಮೆಣಸಿನಕಾಯಿ, ಹಾವೇರಿಯ ಗೋವಿನಜೋಳ ಹೊತ್ತು ಊರೂರು ತಿರುಗಿ ನಮ್ಮ ಮನೆಯ ಎರಡು ಮದುವೆ ಮಾಡಿಸಿದ ಲಾರಿ. ಹೋದ ಸುಗ್ಗಿಯಲ್ಲಿ ಅದು ಏರು ಹತ್ತುವಾಗ ಏದುಸಿರು ಬಿಡತೊಡಗಿತು. ಹಿಂದೆಲ್ಲ ನೀಲಿ ಹೊಗೆ. ಮೇಸ್ತ್ರಿ ಪಾನಾ ಕೂಡ ಕೈಗೆತ್ತಿಕೊಳ್ಳದೆ ತೀರ್ಪು ಕೊಟ್ಟ: “ಎಂಜಿನ್ ಮುಗೀತ್ರಿ. ಗುಜರಿಯೊಳಗ ಛಲೋದೊಂದು ಐತಿ, ಎರಡು ಲಕ್ಷಕ್ಕ ಕೊಡಸ್ತೀನಿ.” ಅಂದು ರಾತ್ರಿ ಮೈದುನ ತಟ್ಟೆ ನೋಡುತ್ತಲೇ ಹೇಳಿದ, “ವೈನಿ, ನಿಮ್ಮ ಪಾಟ್ಲಿ ಆರು ತಿಂಗಳ ಮಟ್ಟಿಗೆ ಬೇಕಾಗಿತ್ತು.” ನಮ್ಮವರು ಪೇಪರಿನಿಂದ ತಲೆ ಎತ್ತಲಿಲ್ಲ.

ನನ್ನ ತಕರಾರು ಇಲ್ಲಿಂದಲೇ ಶುರು. ಒತ್ತೆ ಇಡುವ ಬಂಗಾರಕ್ಕೆ ನಾವು ಬೇಕು, ಎಂಜಿನ್ನಿನ ಮಾತಿಗೆ ನಾವು ಬೇಡ! ಮರುದಿನ ಗ್ಯಾರೇಜಿಗೆ ಹೋದೆ. “ಅಕ್ಕೋರ, ನಿಮಗ್ಯಾಕ್ರಿ ಇದರ ಉಸಾಬರಿ?” ಎಂದು ಮೇಸ್ತ್ರಿ ನಕ್ಕ. ನಾನು ಸಮಾಜ ಪಾಠ ಹೇಳುವವಳು, ಯಂತ್ರ ಬಲ್ಲವಳಲ್ಲ. ಆದರೆ ಉತ್ತರಪತ್ರಿಕೆ ಬಿಚ್ಚದೆ ಹುಡುಗನನ್ನು ನಪಾಸು ಮಾಡುವುದು ತಪ್ಪೆಂದು ತಿಳಿಯಲು ಯಂತ್ರ ಯಾಕೆ ಗೊತ್ತಿರಬೇಕು?

ಅದು 697 ಎಂಜಿನ್. ಅಂದರೆ ಆರು ಸಿಲಿಂಡರು, ಒಂದೊಂದರ ಒಳವ್ಯಾಸ 97 ಮಿಲಿಮೀಟರ್. ಹೆಸರಿನಲ್ಲೇ ಅಳತೆ ಇಟ್ಟುಕೊಂಡ ಯಂತ್ರವನ್ನು ಅಳೆಯದೆ ಸತ್ತಿತು ಎಂದರೆ ಹೇಗೆ? ಲೈನರು, ಪಿಸ್ಟನ್, ರಿಂಗುಗಳು ಸವೆದು ಬದಲಾಗಲೆಂದೇ ಇರುವ ಭಾಗಗಳು. ಅವು ಸವೆದಾಗ ಆಯಿಲ್ ಮೇಲೇರಿ ಉರಿಯುತ್ತದೆ, ನೀಲಿ ಹೊಗೆ ಬರುತ್ತದೆ. ಕ್ರ್ಯಾಂಕ್ ಶಾಫ್ಟ್ ಸವೆದರೂ ಕಾಲು ಮಿಲಿಮೀಟರಿನಷ್ಟು ಗ್ರೈಂಡಿಂಗ್ ಮಾಡಿಸಿ, ಅದಕ್ಕೆ ಹೊಂದುವ ದಪ್ಪ ಬೇರಿಂಗ್ ಕೂರಿಸುತ್ತಾರೆ. (ಕಪ್ಪು ಹೊಗೆಯ ಕತೆ ಬೇರೆ. ಎಷ್ಟೋ ಸಲ ಏರ್ ಫಿಲ್ಟರೋ ನಾಜಲ್ಲೋ ಸರಿಮಾಡಿದರೆ ಮುಗಿಯಿತು. ಅದಕ್ಕೂ ಎಂಜಿನ್ ಇಳಿಸಿದವರುಂಟು.)

ಬ್ಲಾಕ್ ಬಿರಿದಿದ್ದರೆ, ಕ್ರ್ಯಾಂಕ್ ಸೀಳಿದ್ದರೆ ಬದಲಾಯಿಸಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಆ ಗುಜರಿ ಎಂಜಿನ್ ಯಾವ ಲಾರಿಯದು, ಯಾಕೆ ಇಳಿಸಿದರು? ಕೇಳಿದರೆ ಮೇಸ್ತ್ರಿಯ ಬಳಿ ಉತ್ತರವಿಲ್ಲ. ನಮ್ಮದನ್ನು ಬಿಚ್ಚಿ ನೋಡಲೊಲ್ಲದವನು ಅದನ್ನು ಬಿಚ್ಚಿ ನೋಡಿದ್ದಾನೆಯೇ? ಮೇಲಾಗಿ ಎಂಜಿನ್ ನಂಬರು ಆರ್.ಸಿ. ಪುಸ್ತಕದಲ್ಲಿರುತ್ತದೆ. ಎಂಜಿನ್ ಬದಲಾದರೆ ಆರ್.ಟಿ.ಒ. ಕಚೇರಿಯಲ್ಲಿ ಅದನ್ನೂ ತಿದ್ದಿಸಬೇಕು. ಇಲ್ಲವಾದರೆ ಅಪಘಾತವಾದ ದಿನ ವಿಮೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಕದ್ದ ಮಾಲಾಗಿದ್ದರಂತೂ ಪೊಲೀಸ್ ಠಾಣೆಯ ಬೆಂಚು.

ಮೈದುನನ ಗೆಳೆಯನದು ಇನ್ನೊಂದು ರಾಗ: “2021ರಾಗ ಗುಜರಿ ಕಾನೂನ ಬಂದೈತ್ರಿ, ಹದಿನೈದು ವರ್ಷ ದಾಟಿದ್ದಕ್ಕ ರೊಕ್ಕ ಸುರೀಬ್ಯಾಡ್ರಿ.” ಖಾಸಗಿ ಲಾರಿಗೆ ನಮ್ಮ ಕಡೆ ಆ ನೀತಿ ಕೇಳುವುದು ಫಿಟ್‌ನೆಸ್ ಪರೀಕ್ಷೆಯನ್ನು, ಬರೀ ವಯಸ್ಸನ್ನಲ್ಲ. ಹಾಗಾಗಿ ಚಾಸಿ, ಬ್ರೇಕು, ಕ್ಯಾಬಿನ್ನೂ ನೋಡಿಸಿ ಎಂದೆ. ಚಾಸಿ ತುಕ್ಕು ತಿಂದಿದ್ದರೆ ಎಂಜಿನ್ನಿಗೆ ಹಾಕುವ ಒಂದು ರೂಪಾಯಿಯೂ ದಂಡವೇ. ಚಾಸಿ ಗಟ್ಟಿಯಿತ್ತು.

ಮೈದುನ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಎಂಜಿನ್ ಇಳಿಸಿ ಹುಬ್ಬಳ್ಳಿಯ ಲೇಥ್ ಅಂಗಡಿಗೆ ಒಯ್ದೆವು. ಹುಡುಗನೊಬ್ಬ ಗೇಜು ಇಳಿಸಿ ಒಂದೊಂದೇ ಅಳತೆ ಕೂಗಿ ಹೇಳಿದ, ನಾನು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡೆ. ಐದು ಸಿಲಿಂಡರು ಬರೀ ಸವೆದಿದ್ದವು. ನಾಲ್ಕನೆಯದರಲ್ಲಿ ಉಗುರಿಗೆ ತಾಗುವಂಥ ಗೀರು. ಬ್ಲಾಕಿನಲ್ಲಿ ಬಿರುಕಿಲ್ಲ. ಸಾಮಾನು, ಕೂಲಿ ಎಲ್ಲ ಕೂಡಿ ಒಂದು ಲಕ್ಷ ಹದಿನೆಂಟು ಸಾವಿರ ಎಂದು ಅಂಗಡಿಯವರು ಚೀಟಿ ಬರೆದುಕೊಟ್ಟರು.

ಚೀಟಿಯನ್ನು ಎರಡು ಸಲ ಕೂಡಿ ನೋಡಿದೆ. ಆಮೇಲೆ ಒಂದು ಪಾಟ್ಲಿ ಬಿಚ್ಚಿ ಮೈದುನನ ಕೈಗಿಟ್ಟೆ. ಬಿಲ್ಲು ನನ್ನ ಹೆಸರಿಗೇ ಬರೆಸಿದೆ.