ಟ್ಯಾಂಕ್ ಬೇಡ ಗುರು, ದಪ್ಪ ವೈರ್ ತಗೋ

(1/4)

ಹೋದ ವಾರ ಹಾಕಿದ ರೀಲ್ ನೋಡಿ ಕ್ಲಾಸಲ್ಲಿ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು: "ಟ್ಯಾಂಕ್ ಎಲ್ಲೋ?"

ಪಿಕಪ್‌ಗೆ ಏರ್ ಕಂಪ್ರೆಸರ್ ಕೂರಿಸಿದೀನಿ ಅಂದ ತಕ್ಷಣ ಎಲ್ಲರ ಕಣ್ಣಿಗೂ ಬರೋದು ಅದೇ ಚಿತ್ರ. ಡೆಕ್ ಕೆಳಗೆ ಕೆಂಪು ಬಣ್ಣ ಹೊಡೆದ ಟ್ಯಾಂಕ್, ಎರಡು ಗೇಜ್, ಊರೆಲ್ಲ ಎದ್ದು ಕೂರೋ ಹಾಗೆ ಏರ್ ಹಾರ್ನ್. ನಮ್ಮ ಬೊಲೆರೊ ಪಿಕಪ್‌ನಲ್ಲಿ (ಗಾಡಿ ಅಪ್ಪಂದು, ನಂದು ಬರೀ ಬಾಯಿ) ಅದ್ಯಾವುದೂ ಇಲ್ಲ. ಪಕ್ಕದ ಸೀಟಿನ ಕೆಳಗೆ ಒಂದು 12 ವೋಲ್ಟ್ ಪಂಪ್, ಒಂದು ಸುರುಳಿ ಹೋಸ್, ಒಂದು ಗೇಜ್. ಅಷ್ಟೇ. ಹೀಗೆ ಮಾಡಿದ್ದೇ ಸರಿ ಅಂತ ಈ ನಾಲ್ಕು ಪೋಸ್ಟಲ್ಲಿ ವಾದ ಮಾಡ್ತೀನಿ. ಒಪ್ಪದೇ ಇರೋರು ಕೊನೇವರೆಗೂ ಓದಿ ಆಮೇಲೆ ಬೈಯಿರಿ.

ಮೊದಲು ಯಾಕೆ ಬೇಕಾಯ್ತು ಅಂತ ಹೇಳ್ತೀನಿ. ಅಪ್ಪ ಬಾಡಿಗೆಗೆ ಟೊಮೆಟೊ ಹೊಡೀತಾರೆ, ಶ್ರೀನಿವಾಸಪುರದ ಕಡೆ ತೋಟಗಳಿಂದ ಕೋಲಾರ ಎಪಿಎಂಸಿಗೆ. ಅಲ್ಲಿ ಲೆಕ್ಕ 15 ಕೆಜಿ ಬಾಕ್ಸಲ್ಲಿ. 2023ರ ಜುಲೈಯಲ್ಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿದ್ದು ನಿಮಗೂ ನೆನಪಿರುತ್ತೆ. ಅಂಥ ಟೈಮಲ್ಲಿ ಹರಾಜಿಗೆ ಒಂದು ಗಂಟೆ ತಡ ಆದ್ರೂ ರೈತನ ಎದೆ ಧಸಕ್ ಅನ್ನುತ್ತೆ.

ಈ ವರ್ಷ ಒಂದಿನ ಬೆಳಗಿನ ಜಾವ ನಾಲ್ಕಕ್ಕೆ 90 ಬಾಕ್ಸ್ ಲೋಡ್ ಆಗಿ ನಿಂತಿದೆ, ಹಿಂದಿನ ಎಡ ಟೈರ್ ಕೂತಿದೆ. ಪಂಚರ್ ಅಲ್ಲ, ವಾಲ್ವ್ ಪಿನ್ ಸಡಿಲ ಆಗಿ ರಾತ್ರಿಯೆಲ್ಲ ಗಾಳಿ ಸೋರಿದೆ. ಸ್ಟೆಪ್ನಿ ಇಳಿಸಿದ್ರೆ ಅದರಲ್ಲೂ ಗಾಳಿ ಇಲ್ಲ! (ನಿಮ್ಮ ಮನೆ ಗಾಡಿ ಸ್ಟೆಪ್ನಿ ಕೊನೇ ಸಲ ಯಾವಾಗ ನೋಡಿದ್ರಿ? ಹೂಂ, ಅದೇ.) ನಿಧಾನಕ್ಕೆ ಉರುಳಿಸ್ಕೊಂಡು ಹತ್ತಿರದ ಪೆಟ್ರೋಲ್ ಬಂಕಿಗೆ ಹೋದ್ರೆ ಗಾಳಿ ಮಿಷನ್‌ಗೆ "ಕೆಟ್ಟಿದೆ" ಅಂತ ರಟ್ಟು ನೇತಾಕಿದಾರೆ. ಪಂಚರ್ ಅಂಗಡಿ ಬಾಗಿಲು ತೆಗೆದಿದ್ದು ಏಳಕ್ಕೆ. ರೈತ ಬಾಡಿಗೇಲಿ 800 ರೂಪಾಯಿ ಮುರ್ಕೊಂಡ. ಅದು ಹೋಗ್ಲಿ, ಎರಡು ವಾರ ಅವನಿಂದ ಫೋನೇ ಬರಲಿಲ್ಲ. ಗುಡ್‌ವಿಲ್ ಅನ್ನೋ ಚಾಪ್ಟರ್ ನಂಗೆ ಅರ್ಥ ಆಗಿದ್ದು ಅವತ್ತು, ಲೆಕ್ಚರರ್ ಮಾಡಿದ ಪಾಠದಿಂದ ಅಲ್ಲ.

(2/4)

ಈಗ ನನ್ನ ದಡ್ಡತನದ ಕಥೆ. ಮೊದಲು ನಾನೂ ಟ್ಯಾಂಕೇ ಹಾಕಿದ್ದೆ.

ಗುಜರಿಯಿಂದ ಹಳೇ ಲಾರಿಯ ಬ್ರೇಕ್ ಏರ್ ಟ್ಯಾಂಕ್ ತಂದು, ಪಂಪಿಗೂ ಅದಕ್ಕೂ ಪೈಪ್ ಹಾಕಿ, ಒಂದು ಪ್ರೆಷರ್ ಸ್ವಿಚ್ ಕೂರಿಸಿದೆ. 120 ಪಿಎಸ್‌ಐ ಆದ್ರೆ ಪಂಪ್ ತಾನೇ ಆಫ್ ಆಗ್ಬೇಕು. ಸೇಫ್ಟಿ ವಾಲ್ವ್ ಹಾಕ್ಲಿಲ್ಲ. ಸ್ವಿಚ್ ಇದೆಯಲ್ಲ, ಅದಕ್ಕೆ ಬೇರೆ ಮುನ್ನೂರೈವತ್ತು ಯಾಕೆ ದಂಡ ಅಂತ. ಎರಡನೇ ಭಾನುವಾರ ಸ್ವಿಚ್ ಅಂಟ್ಕೊಳ್ತು. ನಾನು ಫೋನ್ ನೋಡ್ತಾ ಕೂತಿದ್ದೆ, ಮುಳ್ಳು 150 ದಾಟಿದ್ದು ಗೊತ್ತೇ ಆಗ್ಲಿಲ್ಲ. ಕ್ಲಾಂಪ್ ಕಿತ್ಕೊಂಡು ಹೋಸ್ ಹಾರಿ ನನ್ನ ಮುಂಗೈಗೆ ಬಡೀತು. ಬೆಲ್ಟಲ್ಲಿ ಹೊಡೆದ ಹಾಗೆ ಬಾಸುಂಡೆ. ಪುಣ್ಯಕ್ಕೆ ಬಿಟ್ಟಿದ್ದು ಕ್ಲಾಂಪು. ಒಳಗೆಲ್ಲ ತುಕ್ಕು ಹಿಡಿದ ಆ ಟ್ಯಾಂಕಿನ ವೆಲ್ಡಿಂಗ್ ಬಿಟ್ಟಿದ್ರೆ ಈ ಪೋಸ್ಟ್ ಬರೆಯೋಕೆ ನಾನಿರ್ತಿರಲಿಲ್ಲ. ಪಕ್ಕದಲ್ಲೇ ನಮ್ಮ ಚಿಕ್ಕಪ್ಪನ ಮಗ ಕೂತಿದ್ದ, ಒಂಬತ್ತು ವರ್ಷ ಅವನಿಗೆ. ಅಪ್ಪ ಬೈಲಿಲ್ಲ. ಸುಮ್ನೆ ಸ್ಪ್ಯಾನರ್ ತಗೊಂಡು ಟ್ಯಾಂಕ್ ಬಿಚ್ಚಿದ್ರು. ಬೈದಿದ್ರೇ ಚೆನ್ನಾಗಿತ್ತು.

ಆಮೇಲೆ ಪೆನ್ನು ಹಿಡ್ಕೊಂಡು ಕೂತೆ. ಸೈನ್ಸ್‌ನವ್ರು ನಗಬೇಡಿ, ಇದು ಪಿಯುಸಿ ಗೆಳೆಯ ಹೇಳಿಕೊಟ್ಟ ಅಂದಾಜು ಲೆಕ್ಕ. ನಮ್ಮ ಟೈರ್ ಒಳಗಿನ ಜಾಗ ಸುಮಾರು 50 ಲೀಟರ್. 40ರಿಂದ 60 ಪಿಎಸ್‌ಐಗೆ ಏರಿಸೋಕೆ ಹೊರಗಿನ ಗಾಳಿ ಹತ್ತಿರ ಹತ್ತಿರ 70 ಲೀಟರ್ ಬೇಕು. 10 ಲೀಟರ್ ಟ್ಯಾಂಕನ್ನ 120ಕ್ಕೆ ತುಂಬಿಸಿ ಟೈರಿಗೆ ಬಿಟ್ರೆ, ಎರಡೂ 60ಕ್ಕೆ ಸಮ ಆಗಿ ನಿಲ್ಲೋ ಹೊತ್ತಿಗೆ ಅದು ಕೊಡೋದು 40 ಲೀಟರ್ ಚಿಲ್ಲರೆ. ಅಂದ್ರೆ ಒಂದು ಟೈರಿಗೂ ಪೂರ್ತಿ ಸಾಲಲ್ಲ! ಮಿಕ್ಕಿದ್ದನ್ನ ಪಂಪೇ ಹೊಡೀಬೇಕು. ಆ ಟ್ಯಾಂಕ್ ತುಂಬಿಸೋದೂ ಅದೇ ಪಂಪೇ. ಮತ್ತೆ ಮಧ್ಯದಲ್ಲಿ ಈ ಟ್ಯಾಂಕ್ ಅನ್ನೋ ಬ್ರೋಕರ್ ಯಾಕೆ?

ಲಾರಿಗೆ ಟ್ಯಾಂಕ್ ಬೇಕೇ ಬೇಕು, ಅದರ ಬ್ರೇಕ್ ನಡೆಯೋದೇ ಗಾಳಿ ಮೇಲೆ. ಕಂಪ್ರೆಸರ್ ಇಂಜಿನ್ನಿಗೇ ಕೂತಿರುತ್ತೆ. ನಮ್ಮ ಪಿಕಪ್ ಬ್ರೇಕ್ ನಡೆಯೋದು ಆಯಿಲ್ ಮೇಲೆ. ದೊಡ್ಡಣ್ಣನ ಅಂಗಿ ಹಾಕ್ಕೊಂಡು ಮೆರೆಯೋ ಹಾಗೆ ನಾವು ಲಾರಿ ನೋಡಿ ಟ್ಯಾಂಕ್ ಹಾಕ್ತೀವಿ. ಏರ್ ಗನ್ನಲ್ಲಿ ಧೂಳು ಹೊಡೆಯೋ ಕೆಲಸ ಇದ್ರೆ, ಟೈರ್ ಬಿಚ್ಚಿ ರಿಮ್ಮಿಗೆ ನೀವೇ ಕೂರಿಸ್ತೀರಿ ಅಂದ್ರೆ ಟ್ಯಾಂಕ್ ಬೇಕು, ಒಪ್ತೀನಿ. ಆಗ ಸೇಫ್ಟಿ ವಾಲ್ವ್, ಗಾಳಿ ವಾಪಸ್ ಬರದಂಗೆ ಎನ್‌ಆರ್‌ವಿ, ನೀರು ಬಿಡೋಕೆ ಕೆಳಗೊಂದು ಡ್ರೈನ್, ಇದರಲ್ಲಿ ಒಂದೂ ಬಿಡಬೇಡಿ. ಹಳೇ ಟ್ಯಾಂಕ್ ಆದ್ರೆ ನೀರು ತುಂಬಿಸಿ ಪ್ರೆಷರ್ ಕೊಟ್ಟು ಟೆಸ್ಟ್ ಮಾಡಿಸಿ. ನೀರು ಗಾಳಿ ಥರ ಕುಗ್ಗಲ್ಲ, ಒಡೆದ್ರೂ ಬಾಂಬ್ ಥರ ಸಿಡಿಯಲ್ಲ. ಗ್ಯಾಸ್ ಸಿಲಿಂಡರ್, ಪಿವಿಸಿ ಪೈಪಲ್ಲಿ ಟ್ಯಾಂಕ್ ಮಾಡೋ ವಿಡಿಯೋ ನಂಗೆ ಕಳಿಸಬೇಡಿ, ಪ್ಲೀಸ್. ಪಿವಿಸಿ ಒಡೆದ್ರೆ ಚೂರು ಚೂರಾಗಿ ಹಾರುತ್ತೆ.

(3/4)

ಹಾಗಾದ್ರೆ ದುಡ್ಡು ಎಲ್ಲಿ ಹಾಕ್ಬೇಕು? ವೈರಿಗೆ.

ನಮ್ಮ ಎರಡು ಸಿಲಿಂಡರ್ ಪಂಪ್ ಲೋಡಲ್ಲಿ 25 ಆಂಪ್ ಆಸುಪಾಸು ಎಳೆಯುತ್ತೆ. 12 ವೋಲ್ಟಲ್ಲಿ ಅದು 300 ವ್ಯಾಟ್. ಅಮ್ಮನ ಮಿಕ್ಸಿಗಿಂತ ಕಮ್ಮಿ ಅನ್ಸುತ್ತೆ ಅಲ್ವಾ? ಆದ್ರೆ ಮಿಕ್ಸಿ ವೈರಲ್ಲಿ ಹರಿಯೋದು ಎರಡು ಮೂರು ಆಂಪ್ ಅಷ್ಟೇ. ವೈರ್ ಬಿಸಿಯಾಗೋದು ವ್ಯಾಟಿಗಲ್ಲ, ಆಂಪಿಗೆ. ಅದಕ್ಕೇ ಸಿಗರೇಟ್ ಲೈಟರ್ ಸಾಕೆಟ್‌ಗೆ ಇಂಥ ಪಂಪ್ ಚುಚ್ಚಬೇಡಿ. ಸಾಮಾನ್ಯವಾಗಿ ಅದರ ಫ್ಯೂಸ್ 10 ಇಲ್ಲಾ 15 ಆಂಪ್ ಇರುತ್ತೆ. ಫ್ಯೂಸ್ ಹೋಯ್ತು ಅಂತ ಅದಕ್ಕೆ ತಂತಿ ಸುತ್ತೋ ಮಹಾನುಭಾವರೂ ಇದಾರೆ, ಅವರ ಗಾಡೀಲಿ ನಾನು ಕೂರಲ್ಲ.

ಪಂಪನ್ನ ಹಿಂದೆ ಡೆಕ್ ಹತ್ತಿರ ಇಟ್ರೆ ಹೋಗಿ ಬರೋಕೆ 8 ಮೀಟರ್ ವೈರ್. 2.5 ಸ್ಕ್ವೇರ್ ಎಂಎಂ ಹಾಕಿದ್ರೆ ದಾರೀಲೇ ಸುಮಾರು 1.4 ವೋಲ್ಟ್ ಮಾಯ. ಪಂಪ್ ಮುಕ್ಕುತ್ತೆ, ಬಿಸಿಯಾಗುತ್ತೆ. ನಾನು ಮಾಡಿದ್ದು ಉಲ್ಟಾ: ಪಂಪ್ ಬ್ಯಾಟರಿ ಹತ್ತಿರ, ಕ್ಯಾಬಿನ್ ಒಳಗೆ. ವೈರ್ ಗಿಡ್ಡ, ಹೋಸ್ ಉದ್ದ. ತಾಮ್ರಕ್ಕಿಂತ ಹೋಸ್ ಅಗ್ಗ. 6 ಸ್ಕ್ವೇರ್ ಎಂಎಂ ವೈರ್, ಬ್ಯಾಟರಿ ಟರ್ಮಿನಲ್‌ನಿಂದ ಒಂದು ಗೇಣು ಒಳಗೇ 40 ಆಂಪ್ ಫ್ಯೂಸ್, ಆಮೇಲೆ ರಿಲೇ. ಬಾನೆಟ್ ಕಡೆಯಿಂದ ವೈರ್ ಒಳಗೆ ಬರೋ ತೂತಿಗೆ ರಬ್ಬರ್ ಬುಷ್. ಹತ್ತು ರೂಪಾಯಿದು. ಅದಿಲ್ಲ ಅಂದ್ರೆ ತಗಡು ನಿಧಾನಕ್ಕೆ ವೈರ್ ಸಿಪ್ಪೆ ಸುಲಿಯುತ್ತೆ. ರಿಲೇಗೆ ಸಿಗ್ನಲ್ ಕೀಲಿ ಆನ್ ಇದ್ರೆ ಮಾತ್ರ ಬರೋ ಲೈನಿಂದ ತಗೊಂಡೆ. ಗಾಳಿ ಹಾಕೋವಾಗ ಇಂಜಿನ್ ಓಡ್ತಾ ಇರ್ಬೇಕು, ಇಲ್ಲಾಂದ್ರೆ ಟೈರ್ ತುಂಬಿ ಬ್ಯಾಟರಿ ಕೂರುತ್ತೆ. ಹತ್ತು ನಿಮಿಷ ಓಡಿದ್ಮೇಲೆ ಪಂಪಿಗೆ ರೆಸ್ಟ್ ಕೊಡ್ತೀನಿ.

ಫ್ರಿಡ್ಜ್ ಕಂಪ್ರೆಸರ್ ಹಾಕ್ಬಹುದಲ್ಲ ಅಂತ ಒಬ್ಬ ಡಿಎಂ ಮಾಡಿದ್ದ. ಮಗಾ, ಅದು 230 ವೋಲ್ಟಿಂದು. ಇನ್ವರ್ಟರ್ ಬೇಕು, ಸ್ಟಾರ್ಟ್ ಆಗೋವಾಗ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತೆ, ಗಾಳಿ ಜೊತೆ ತನ್ನ ಆಯಿಲ್ಲನ್ನೂ ಉಗುಳುತ್ತೆ. ಮನೇಲಿ ಶೆಡ್ಡಲ್ಲಿ ಇಟ್ಕೋ, ಗಾಡಿಗೆ ಬೇಡ.

ಬಿಲ್: ಪಂಪ್ 3,200. ವೈರ್ 430, ಫ್ಯೂಸ್ ಹೋಲ್ಡರ್ 150, ರಿಲೇ 180, ಹೋಸ್ 460, ಕಪ್ಲರ್ 210, ಗೇಜ್ ಇರೋ ಗನ್ 550, ನಟ್ಟು ಬೋಲ್ಟು ಚಿಲ್ಲರೆ 170. ಒಟ್ಟು 5,350. ಟ್ಯಾಂಕ್ ಸರಿಯಾಗಿ, ಎಲ್ಲ ವಾಲ್ವ್ ಹಾಕಿ ಮಾಡಿದ್ರೆ ಮೇಲೆ ಇನ್ನೂ ಮೂರು ಸಾವಿರ ಚಿಲ್ಲರೆ ಆಗ್ತಿತ್ತು. ಗುಜರಿ ಟ್ಯಾಂಕಿಗೆ ಮೊದಲೇ ಸುರಿದ ದುಡ್ಡು ಸಂಕ್ ಕಾಸ್ಟ್, ಅದನ್ನ ಅಳಬಾರದು. (ಅತ್ತೆ.)

(4/4)

ಕ್ಲಾಸಲ್ಲಿ ಕಲಿತ ಪೇಬ್ಯಾಕ್ ಪಿರಿಯಡ್ ಹಾಕಿದೆ. ವಾರಕ್ಕೊಂದ್ಸಲ ನಾಲ್ಕು ಟೈರಿಗೆ ಗಾಳಿ, ಟೈರಿಗೆ 10 ರೂಪಾಯಿ, ತಿಂಗಳಿಗೆ 160. 5,350 ವಾಪಸ್ ಬರೋಕೆ 33 ತಿಂಗಳು! ಪರೀಕ್ಷೇಲಿ ಬಂದಿದ್ರೆ "ಪ್ರಾಜೆಕ್ಟ್ ರಿಜೆಕ್ಟ್" ಅಂತ ಬರೆದು ಫುಲ್ ಮಾರ್ಕ್ಸ್ ತಗೋತಿದ್ದೆ.

ಆದ್ರೆ ಆ ಲೆಕ್ಕದಲ್ಲೇ ಒಂದು ಸುಳ್ಳಿದೆ. ಅಪ್ಪ ವಾರಕ್ಕೊಂದ್ಸಲ ಗಾಳಿ ಹಾಕಿಸ್ತಾನೇ ಇರಲಿಲ್ಲ. ಬೆಳಗ್ಗೆ ಎದ್ದು ಸ್ಪ್ಯಾನರಲ್ಲಿ ಟೈರಿಗೆ ಟಪ್ ಅಂತ ತಟ್ಟಿ, ಸದ್ದು ಕೇಳಿ, "ಐತೆ" ಅಂತ ಹೊರಟುಬಿಡ್ತಿದ್ರು. ಇಪ್ಪತ್ತು ವರ್ಷದ ಕಿವಿ, ನಾನೂ ನಂಬಿದ್ದೆ. ಗೇಜ್ ಬಂದ ಮೊದಲ ದಿನ ಅವರು ತಟ್ಟಿ "ಐತೆ" ಅಂದ ಟೈರಿಗೆ ಇಟ್ಟು ನೋಡಿದ್ರೆ 38. ಲೋಡಿಗೆ ನಾವು ಇಡಬೇಕಾಗಿದ್ದು 60. ಅಪ್ಪ ಗೇಜೇ ಸರಿ ಇಲ್ಲ ಅಂದ್ರು. ಪಂಚರ್ ಅಂಗಡಿ ಗೇಜಲ್ಲೂ ನೋಡಿಸಿದೆ, 38.

ಕಮ್ಮಿ ಗಾಳೀಲಿ ಲೋಡ್ ಹೊತ್ರೆ ಟೈರ್ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತೆ, ಎರಡು ಅಂಚು ಬೇಗ ಸವೆಯುತ್ತೆ. ಹೋದ ಸಲ ಹಿಂದಿನ ಎರಡು ಟೈರಿಗೆ 14,600 ಕೊಟ್ಟಿದ್ವಿ, ಬಿಚ್ಚಿದ ಹಳೇ ಟೈರಿನ ಅಂಚು ಎರಡೂ ನುಣ್ಣಗೆ, ನಡು ಮಾತ್ರ ಚೆನ್ನಾಗಿತ್ತು. ಕಾರಣ ಆಗ ಯಾರಿಗೂ ಹೊಳೀಲಿಲ್ಲ. ನನ್ನ ಪ್ರಕಾರ ಆ 5,350ರಲ್ಲಿ ಅತಿ ಬೆಲೆಬಾಳೋ ಸಾಮಾನು 550 ರೂಪಾಯಿ ಗೇಜ್ ಗನ್ನೇ. ಇಡೀ ಬಿಲ್ ಆಗಲ್ಲ ಅನ್ನೋರು ಅದೊಂದೇ ತಗೊಳ್ಳಿ, ಬೆಳಗ್ಗೆ ಟೈರ್ ತಣ್ಣಗಿದ್ದಾಗ ನೋಡಿ. ಓಡಿಸಿ ಬಂದ್ಮೇಲೆ ಜಾಸ್ತಿ ತೋರಿಸುತ್ತೆ, ಅದನ್ನ ನೋಡಿ ಗಾಳಿ ಬಿಡಬೇಡಿ. ಎಷ್ಟಿರಬೇಕು ಅನ್ನೋದಕ್ಕೆ ನನ್ನ 60 ಕಾಪಿ ಹೊಡೀಬೇಡಿ, ನಿಮ್ಮ ಗಾಡಿ ಪುಸ್ತಕ ನೋಡಿ.

ಈಗ ಅಪ್ಪ ನಾಲ್ಕು ಗಂಟೆಗೆ ಎದ್ರೆ ಮೊದಲು ತಟ್ತಾರೆ, ಆಮೇಲೆ ಗೇಜ್ ಇಡ್ತಾರೆ. ಎರಡೂ ಹೊಂದಿದ ದಿನ ಜಂಭ ನೋಡ್ಬೇಕು. 40 ಇರೋ ಟೈರ್ 60 ಆಗೋಕೆ ಮೂರೂವರೆ ನಿಮಿಷ, ಅಷ್ಟರಲ್ಲಿ ಅಮ್ಮ ಫ್ಲಾಸ್ಕಿಗೆ ಟೀ ಹಾಕಿರ್ತಾರೆ. ಸ್ಟೆಪ್ನಿಗೆ ಭಾನುವಾರ ನನ್ನ ಡ್ಯೂಟಿ. ಬೀದಿಯ ಸ್ಕೂಟಿಗಳಿಗೆಲ್ಲ ಫ್ರೀ ಸರ್ವಿಸ್ ಶುರುವಾಗಿದೆ, ಡೀಸೆಲ್ ಲೆಕ್ಕ ಯಾರೂ ಕೇಳ್ತಿಲ್ಲ.

ಟ್ಯಾಂಕ್ ಪಾರ್ಟಿಯವರು ಕಾಮೆಂಟಲ್ಲಿ ಬನ್ನಿ, ಜಗಳ ಆಡೋಣ. ಬರೋವಾಗ ನಿಮ್ಮ ಸೇಫ್ಟಿ ವಾಲ್ವ್ ಫೋಟೋ ತನ್ನಿ.