ಬೀದಿಗೂ ಪಂದ್ಯದ ಹಾದಿಗೂ ತಕ್ಕ ಟಯರು

ಹಾಸನದ ಸೀಮೆಯ ವಾಚಕರೊಬ್ಬರು ಬರೆದ ಪತ್ರವು ನಮ್ಮ ಮುಂದಿದೆ. ಅವರ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಸಾಧಾರಣ ಬೆಲೆಯ ಕಾರೊಂದನ್ನು ಇಟ್ಟುಕೊಂಡಿದ್ದಾನೆ. ವರ್ಷದಲ್ಲಿ ಮೂರು ನಾಲ್ಕು ಸಾರಿ ಶ್ರೀಪೆರುಂಬುದೂರಿನ ಬಳಿಯ ಇರುಂಗಾಟ್ಟುಕೋಟೆಯ ಪಂದ್ಯದ ಹಾದಿಗೆ ಹೋಗಿ, ಅಲ್ಲಿ ಮನದಣಿಯೆ ಗಾಡಿಯನ್ನು ಓಡಿಸಿ ಬರುತ್ತಾನೆ. ಈಗ ಒಂದು ತಿಂಗಳ ಸಂಬಳವನ್ನು ನಾಲ್ಕು ಟಯರುಗಳಿಗೆ ಸುರಿಯುವೆನೆಂದು ಹೊರಟಿದ್ದಾನಂತೆ. ದೀಪಾವಳಿಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಊರಿಗೆ ಬರಬೇಕಾದುದೂ ಅವೇ ಟಯರುಗಳ ಮೇಲೆ. “ತಡೆಯಲೋ, ಸುಮ್ಮನಿರಲೋ?” ಎಂದು ತಂದೆಯವರು ಕೇಳಿದ್ದಾರೆ.

ಶಬ್ದರೂಪಾವಳಿಯನ್ನು ಹೇಳಿಕೊಟ್ಟು ಕಾಲ ಕಳೆದವನಿಗೆ ಮೋಟಾರಿನ ಗೊಡವೆ ಏಕೆಂದು ಕೆಲವರಿಗೆ ತೋರಬಹುದು. ನನ್ನ ತಮ್ಮನ ಮಗನಿಗೂ ಇದೇ ಹುಚ್ಚು. ಅವನೊಡನೆ ಹೋಗಿ, ಬಿಸಿಲಿನಲ್ಲಿ ಕೊಡೆ ಹಿಡಿದು ಕುಳಿತು, ಟಯರುಗಳ ಗಾಳಿಯ ಲೆಕ್ಕವನ್ನು ಕಾಗದದ ಮೇಲೆ ಗುರುತುಹಾಕಿಕೊಟ್ಟವನು ನಾನು. ಆದುದರಿಂದ ಈ ಪ್ರಶ್ನೆಯನ್ನು ಮತ್ತೊಬ್ಬರಿಗೆ ದಾಟಿಸದೆ ನಾನೇ ಉತ್ತರಿಸುತ್ತೇನೆ.

ತಡೆಯಬೇಕಾದ ಕಾರಣವಿಲ್ಲವೆಂದು ಮೊದಲೇ ಹೇಳಿಬಿಡುವೆನು. ವೇಗದ ಚಪಲವುಳ್ಳ ತರುಣನು ಅದನ್ನು ಹೆದ್ದಾರಿಯಲ್ಲಿ ತೀರಿಸಿಕೊಳ್ಳುವುದಕ್ಕಿಂತ, ಎದುರಿನಿಂದ ಲಾರಿಯೂ ಎಮ್ಮೆಯೂ ಬಾರದ ಹಾದಿಯಲ್ಲಿ ತೀರಿಸಿಕೊಳ್ಳುವುದು ಸಾವಿರ ಪಾಲು ಮೇಲು. ಇರುಂಗಾಟ್ಟುಕೋಟೆಯ ಹಾದಿಯು ೧೯೯೦ರಲ್ಲಿ ಸಿದ್ಧವಾಯಿತು. ಒಂದು ಸುತ್ತು ಸುಮಾರು ೩.೭ ಕಿಲೋಮೀಟರು. ಕೊಯಮತ್ತೂರಿನ ಬಳಿಯ ಕರಿ ಹಾದಿಯು ಇದಕ್ಕಿಂತ ಚಿಕ್ಕದು. ವಿಚಾರ ಮಾಡಬೇಕಾದುದು ಟಯರಿನ ವಿಷಯದಲ್ಲಿ ಮಾತ್ರ.

ಸಂಸ್ಕೃತದಲ್ಲಿ ಚಕ್ರದ ನಡುವಣ ಭಾಗವು ನಾಭಿ, ಕಡ್ಡಿಗಳು ಅರ, ಹೊರಗಣ ಸುತ್ತು ನೇಮಿ. ನಮ್ಮ ಬಂಡಿಯ ಗಾಲಿಗೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದನು. ೧೮೮೮ರಲ್ಲಿ ಬೆಲ್‌ಫಾಸ್ಟ್ ನಗರದ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ರಬ್ಬರಿನ ಟಯರಿಗೆ ಹಕ್ಕುಪತ್ರವನ್ನು ಪಡೆದ ಮೇಲೆ ನೇಮಿಯ ಧರ್ಮವೇ ಬದಲಾಯಿತು. ಇಂದಿನ ಕಾರಿನ ಒಂದೊಂದು ಟಯರೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಸಾವಿರಕ್ಕೂ ಮಿಕ್ಕ ಕಿಲೋಗ್ರಾಂ ತೂಕದ ಗಾಡಿಯು ತಿರುಗುವುದೂ ನಿಲ್ಲುವುದೂ ಈ ನಾಲ್ಕು ಅಂಗೈಗಳ ಬಲದಿಂದಲೇ.

ಈ ಹಿಡಿತಕ್ಕೆ ಎಷ್ಟು ಬೆಲೆಯುಂಟೆಂಬುದನ್ನು ಲೆಕ್ಕದಿಂದ ತೋರಿಸಬಹುದು. ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿರುವ ಗಾಡಿಗೆ ಬಿರಿ ಹಾಕಿದಾಗ, ರಬ್ಬರಿಗೂ ನೆಲಕ್ಕೂ ಇರುವ ಘರ್ಷಣೆಯ ಗುಣಕವು ೦.೮ ಇದ್ದರೆ ಅದು ೪೯ ಮೀಟರು ಹೋಗಿ ನಿಲ್ಲುತ್ತದೆ, ೧.೦ ಇದ್ದರೆ ೩೯ ಮೀಟರು. ನಡುವಣ ಹತ್ತು ಮೀಟರು ಎಂದರೆ ಎರಡು ಕಾರುಗಳ ಉದ್ದಕ್ಕಿಂತ ಹೆಚ್ಚು. ರಸ್ತೆಗೆ ಅಡ್ಡಲಾಗಿ ಮಗುವೊಂದು ಓಡಿಬಂದಾಗ ಈ ಹತ್ತು ಮೀಟರಿಗೆ ಯಾವ ಬೆಲೆಯನ್ನು ಕಟ್ಟಬಹುದು? ಒಳ್ಳೆಯ ಟಯರನ್ನು ಬಯಸುವ ಹುಡುಗನು ಕೇವಲ ಶೋಕಿಗಾಗಿ ಬಯಸುತ್ತಾನೆಂದು ತಂದೆಯವರು ಭಾವಿಸಬಾರದು.

ಆದರೆ ಹಿಡಿತವೂ ಬಾಳಿಕೆಯೂ ಒಂದೆಡೆ ಸಲೀಸಾಗಿ ಇರತಕ್ಕವಲ್ಲ. ಮೆದುವಾದ ರಬ್ಬರು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ, ಹಾಗೆ ಬಳುಕಿ ಬಳುಕಿ ಕಾಯುತ್ತದೆ, ಬೇಗನೆ ಸವೆಯುತ್ತದೆ. ಗಡುಸಾದುದು ಬಹುಕಾಲ ಬಾಳುತ್ತದೆ, ಆದರೆ ಜಾರುತ್ತದೆ. ಇದನ್ನು ತಿಳಿಯುವುದಕ್ಕೆ ಅಮೆರಿಕದವರು ಒಂದು ಅಂಕದ ಪದ್ಧತಿಯನ್ನು ಮಾಡಿದ್ದಾರೆ. ಅಲ್ಲಿಗೆ ಕಳುಹಿಸುವ ಟಯರುಗಳ ಪಕ್ಕದ ಗೋಡೆಯ ಮೇಲೆ ‘ಟ್ರೆಡ್‌ವೇರ್’ ಎಂಬ ಮಾತಿನ ಮುಂದೆ ಒಂದು ಸಂಖ್ಯೆಯಿರುತ್ತದೆ. ನಮ್ಮ ಅಂಗಡಿಗಳಲ್ಲಿಯೂ ಅನೇಕ ಟಯರುಗಳ ಮೇಲೆ ಇದನ್ನು ಕಾಣಬಹುದು. ಟೆಕ್ಸಾಸ್ ಸೀಮೆಯಲ್ಲಿ ಗೊತ್ತುಮಾಡಿದ ೪೦೦ ಮೈಲಿಯ ಸುತ್ತುದಾರಿಯಲ್ಲಿ, ಒಟ್ಟು ೭,೨೦೦ ಮೈಲಿ ಓಡಿಸಿ, ೧೦೦ ಅಂಕದ ಮಾದರಿ ಟಯರಿನೊಡನೆ ಸವೆತವನ್ನು ಹೋಲಿಸಿ ಈ ಸಂಖ್ಯೆಯನ್ನು ಕೊಡುತ್ತಾರೆ. ೪೦೦ ಎಂದಿದ್ದರೆ ಮಾದರಿಗಿಂತ ನಾಲ್ಕು ಪಾಲು ಬಾಳಿಕೆಯೆಂದರ್ಥ. ಪಕ್ಕದಲ್ಲಿ ಒದ್ದೆ ನೆಲದ ಹಿಡಿತಕ್ಕೆ ಎಎ, ಎ, ಬಿ, ಸಿ ಎಂದೂ, ಕಾವನ್ನು ತಡೆಯುವ ಶಕ್ತಿಗೆ ಎ, ಬಿ, ಸಿ ಎಂದೂ ದರ್ಜೆಗಳಿವೆ. ಒಂದು ಎಚ್ಚರಿಕೆ: ಈ ಅಂಕಗಳನ್ನು ಬರೆಯತಕ್ಕವರು ಟಯರು ಮಾಡುವವರೇ. ತಾನು ಬರೆದ ಉತ್ತರಪತ್ರಿಕೆಗೆ ವಿದ್ಯಾರ್ಥಿಯೇ ಅಂಕ ಹಾಕಿಕೊಂಡಂತೆ. ಸುಳ್ಳೆನ್ನಲಾಗದು, ಆದರೆ ಒಬ್ಬ ತಯಾರಕನ ೩೦೦ನ್ನು ಇನ್ನೊಬ್ಬನ ೩೦೦ರೊಡನೆ ಕೂದಲೆಳೆಯಂತೆ ತೂಗಿ ನೋಡಬಾರದು.

ಮನೆಮಂದಿಯ ಸಾಮಾನ್ಯ ಟಯರುಗಳು ೪೦೦ರ ಆಸುಪಾಸಿನಲ್ಲಿಯೂ ಅದಕ್ಕೆ ಮೇಲೂ ಇರುತ್ತವೆ. ವೇಗದ ಗಾಡಿಗಳಿಗಾಗಿ ಮಾಡಿದ, ಮಳೆಯಲ್ಲಿಯೂ ನಂಬತಕ್ಕ ಟಯರುಗಳು ೩೦೦ರ ಸುತ್ತಮುತ್ತ. ಮಿಶೆಲಿನ್‌ನವರ ಪೈಲಟ್ ಸ್ಪೋರ್ಟ್ ೪ಎಸ್ ಎಂಬುದು ಸರಿಯಾಗಿ ೩೦೦. ಅದರ ಕೆಳಗೆ ೨೦೦ರ ವರ್ಗ: ಹ್ಯಾಂಕೂಕಿನ ಆರ್‌ಎಸ್೪, ಫಾಲ್ಕನ್ನಿನ ಆರ್‌ಟಿ೬೧೫ಕೆ ಪ್ಲಸ್ ಮುಂತಾದುವು. ಅಮೆರಿಕದ ಹವ್ಯಾಸಿ ಪಂದ್ಯಗಳ ಬೀದಿಗಾಡಿಗಳ ವರ್ಗದಲ್ಲಿ ೨೦೦ಕ್ಕೆ ಕಡಮೆಯಾದ ಟಯರು ಕೂಡದೆಂದು ನಿಯಮವಿರುವುದರಿಂದ, ತಯಾರಕರು ಆ ಗೆರೆಯ ಮೇಲೆಯೇ ನಿಲ್ಲುವಂತೆ ಇವನ್ನು ಮಾಡುತ್ತಾರೆ. ಇನ್ನೂ ಕೆಳಗೆ ನೂರರ ಹತ್ತಿರದವು. ಅವು ಹೆಸರಿಗೆ ಮಾತ್ರ ಬೀದಿಯವು. ತೈವಾನಿನ ನಾನ್‌ಕಾಂಗ್ ಕಂಪನಿಯವರು ಎನ್‌ಎಸ್-೨ಆರ್ ಎಂಬ ಒಂದೇ ಅಚ್ಚಿನ ಟಯರನ್ನು ೧೨೦ ಮತ್ತು ೧೮೦ ಎಂಬ ಎರಡು ರಬ್ಬರುಗಳಲ್ಲಿ ಮಾಡಿದ್ದುಂಟು. ನೋಟಕ್ಕೆ ಒಂದೇ, ಗುಣಕ್ಕೆ ಬೇರೆ. ಕೊಳ್ಳುವವನು ಹೆಸರನ್ನಷ್ಟೇ ಓದಿ ಬರಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ನಮ್ಮ ತರುಣನು ಯಾವುದನ್ನು ಕೊಳ್ಳಬೇಕು? ವರ್ಷಕ್ಕೆ ಮೂರು ನಾಲ್ಕು ದಿನ ಮಾತ್ರ ಪಂದ್ಯದ ಹಾದಿ, ಉಳಿದ ದಿನಗಳೆಲ್ಲ ಕಚೇರಿ, ಮಾರುಕಟ್ಟೆ, ಊರು ಎಂದಿದ್ದರೆ ೩೦೦ರ ವರ್ಗವೇ ಸರಿಯೆಂದು ನನ್ನ ಅಭಿಪ್ರಾಯ. ೨೦೦ರ ಟಯರುಗಳಲ್ಲಿ ರಬ್ಬರು ನೆಲವನ್ನು ಹೆಚ್ಚು ಮುಟ್ಟಲೆಂದು ಗಾಡಿಗೆರೆಗಳನ್ನು, ಎಂದರೆ ನೀರು ಹರಿಯುವ ಕಾಲುವೆಗಳನ್ನು, ಕಡಮೆ ಮಾಡಿರುತ್ತಾರೆ. ಒಣ ನೆಲದಲ್ಲಿ ಅದು ಗುಣ. ನಿಂತ ನೀರಿನಲ್ಲಿ ಅದೇ ದೋಷ. ನೀರು ಹೊರಗೆ ಹೋಗಲು ದಾರಿಯಿಲ್ಲದಾಗ ಟಯರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೀರಿಂಗು ತಿರುಗಿಸಿದರೂ ಬಿರಿ ತುಳಿದರೂ ಗಾಡಿಗೆ ಕೇಳಿಸುವುದಿಲ್ಲ. ಇರುಂಗಾಟ್ಟುಕೋಟೆಯಿಂದ ಬೆಂಗಳೂರಿಗೆ ಸುಮಾರು ೩೦೦ ಕಿಲೋಮೀಟರು; ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಸೀಮೆಯಲ್ಲಿ ಹಿಂಗಾರು ಮಳೆಯ ಕಾಲ. ಹಗಲೆಲ್ಲ ಓಡಿಸಿ ದಣಿದವನು, ಅರ್ಧ ಸವೆದ ಪಂದ್ಯದ ಟಯರುಗಳ ಮೇಲೆ, ರಾತ್ರಿ, ಸುರಿಯುವ ಮಳೆಯಲ್ಲಿ ಹಿಂದಿರುಗುವುದನ್ನು ತಂದೆಯವರು ಊಹಿಸಿಕೊಳ್ಳಲಿ. ಹೆದರಬೇಕಾದುದು ಪಂದ್ಯದ ಹಾದಿಗಲ್ಲ, ಈ ಮರಳುವ ದಾರಿಗೆ.

ಇನ್ನು ಹಣದ ಮಾತು. ಬೆಲೆಯೊಂದನ್ನೇ ನೋಡಿ ಅಗ್ಗವೆನ್ನಬಾರದು. ಲೆಕ್ಕಕ್ಕಾಗಿ ಒಂದು ಟಯರು ೮,೦೦೦ ರೂಪಾಯಿಗೆ ೪೦,೦೦೦ ಕಿಲೋಮೀಟರು ಬಾಳುವುದೆಂದೂ, ಇನ್ನೊಂದು ೧೨,೦೦೦ ರೂಪಾಯಿಗೆ ೨೦,೦೦೦ ಬಾಳುವುದೆಂದೂ ಇಟ್ಟುಕೊಳ್ಳೋಣ. ಮೊದಲನೆಯದು ಕಿಲೋಮೀಟರಿಗೆ ೨೦ ಪೈಸೆ, ಎರಡನೆಯದು ೬೦ ಪೈಸೆ. ಬೆಲೆಯು ಒಂದೂವರೆ ಪಾಲಾದರೂ ವೆಚ್ಚವು ಮೂರು ಪಾಲು. ಮೆದು ಟಯರಿನ ಮೇಲೆ ದಿನವೂ ಕಚೇರಿಗೆ ಹೋಗುವುದೆಂದರೆ ರೇಷ್ಮೆ ಮಡಿಯುಟ್ಟು ಕಟ್ಟಿಗೆ ಒಡೆದಂತೆ.

ಪಂದ್ಯದ ಚಟ ಬಲವಾಗಿ, ವರ್ಷಕ್ಕೆ ಎಂಟು ಹತ್ತು ದಿನ ಹೋಗುವವರು ಎರಡು ಜೊತೆ ಚಕ್ರಗಳನ್ನು ಇಟ್ಟುಕೊಳ್ಳುವುದೇ ಮಿತವ್ಯಯ. ಇದರಲ್ಲಿ ನನ್ನ ತಮ್ಮನ ಮಗನ ಉಪಾಯವೊಂದನ್ನು ಹೇಳುತ್ತೇನೆ. ನನಗೆ ಬಹಳ ಮೆಚ್ಚಿಕೆಯಾಯಿತು. ೩೦೦ರ ವರ್ಗದ ಟಯರುಗಳನ್ನು ಹೊಸದಾಗಿ ಬೀದಿಗೆ ಹಾಕುತ್ತಾನೆ. ಗೆರೆಯ ಆಳವು ಮೂರು ನಾಲ್ಕು ಮಿಲಿಮೀಟರಿಗೆ ಇಳಿದಾಗ ಅವನ್ನು ಹಳೆಯ ರಿಮ್ಮುಗಳಿಗೆ ತೊಡಿಸಿ ಪಂದ್ಯದ ಹಾದಿಗೆ ಮೀಸಲಿಡುತ್ತಾನೆ. ಬೀದಿಗೆ ಹೊಸವು ಬರುತ್ತವೆ. ಹೊಸ ಟಯರಿನ ಎತ್ತರವಾದ ರಬ್ಬರಿನ ಗಟ್ಟಿಗಳು ಬಿರುಸಾದ ತಿರುವಿನಲ್ಲಿ ಹೊಯ್ದಾಡಿ, ಕಾದು, ಚೂರುಚೂರಾಗಿ ಕಿತ್ತು ಬರುವುದುಂಟು. ಸವೆದು ಗಿಡ್ಡಾದವು ಒಣ ಹಾದಿಯಲ್ಲಿ ಸ್ಥಿರವಾಗಿರುತ್ತವೆ. ಬೀದಿಗೆ ಮುಪ್ಪಾದುದು ಹಾದಿಗೆ ಹದವಾಯಿತು. ಆದರೆ ಈ ಸವೆದ ಜೊತೆಯನ್ನು ಹಿಂದಿನ ಸೀಟು ಮಡಿಸಿ ಗಾಡಿಯೊಳಗೆ ಹೇರಿಕೊಂಡು ಹೋಗಿ, ಅಲ್ಲಿಯೇ ಬದಲಾಯಿಸಿ, ಸಂಜೆ ಮತ್ತೆ ಬೀದಿಯ ಚಕ್ರಗಳನ್ನು ಹಾಕಿಕೊಂಡೇ ಹೊರಡತಕ್ಕದ್ದು. ೧.೬ ಮಿಲಿಮೀಟರಿನ ಗುರುತನ್ನು ಮುಟ್ಟಿದ ಟಯರು ರಸ್ತೆಗೆ ಕಾನೂನಿನಂತೆಯೂ ಸಲ್ಲದು. ಸವೆದ ಟಯರಿಗೆ ಹೊಸ ರಬ್ಬರು ಅಂಟಿಸಿ ಮಾರುವ ಮಾಲನ್ನು ಪಂದ್ಯದ ಹಾದಿಗೆ ಒಯ್ಯುವ ಮಾತನ್ನೇ ಎತ್ತಬಾರದು.

ಅಂಗಡಿಯಲ್ಲಿ ನೋಡಬೇಕಾದ ಗುರುತುಗಳು ಕೆಲವಿವೆ. ೧೯೫/೫೫ ಆರ್ ೧೬, ೮೭ ವಿ ಎಂದಿದ್ದರೆ ಅಗಲ ೧೯೫ ಮಿಲಿಮೀಟರು, ಎತ್ತರ ಅದರ ನೂರಕ್ಕೆ ೫೫, ರಿಮ್ಮು ೧೬ ಅಂಗುಲ. ೮೭ ಎಂಬುದು ೫೪೫ ಕಿಲೋಗ್ರಾಂ ಹೊರುವ ಸಂಕೇತ, ವಿ ಎಂಬುದು ೨೪೦ ಕಿಲೋಮೀಟರು ವೇಗದವರೆಗೆ ತಾಳುವುದೆಂಬುದು. ಗಾಡಿ ಮಾಡಿದವರು ಹೇಳಿದ ಭಾರಕ್ಕೂ ವೇಗಕ್ಕೂ ಕಡಮೆಯಾದುದು ಬೇಡ. ಅಗಲವನ್ನು ಹೆಚ್ಚಿಸುವ ಮೋಹ ಹುಡುಗರಿಗೆ ಸಹಜ. ೨೦೫/೫೦ ಹಾಕಿದರೆ ಒಟ್ಟು ವ್ಯಾಸವು ೬೨೧ರಿಂದ ೬೧೧ ಮಿಲಿಮೀಟರಿಗೆ ಇಳಿಯುವುದು, ಅಷ್ಟಕ್ಕೆ ಬಾಧಕವಿಲ್ಲ. ಅದಕ್ಕೂ ಮೀರಿ ಹೋದರೆ ಬಾಗಿಲ ಬಳಿಯ ತಗಡಿಗೆ ಉಜ್ಜುವುದೂ, ನಮ್ಮ ಹಳ್ಳಗಳಲ್ಲಿ ರಿಮ್ಮು ಸೊಟ್ಟಗಾಗುವುದೂ ಪ್ರತ್ಯೇಕ ವೆಚ್ಚ. ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ: ೨೩೨೪ ಎಂದರೆ ೨೦೨೪ನೆಯ ಇಸವಿಯ ೨೩ನೆಯ ವಾರ. ರಿಯಾಯಿತಿಯ ದರದಲ್ಲಿ ಸಿಕ್ಕುವ ಟಯರು ಗೋದಾಮಿನಲ್ಲಿ ನಾಲ್ಕು ವರ್ಷ ಮಲಗಿದ್ದುದೋ ಎಂಬುದು ಇಲ್ಲಿ ತಿಳಿಯುತ್ತದೆ. ರಬ್ಬರು ಓಡದೆಯೂ ಗಡುಸಾಗುವ ಪದಾರ್ಥ. ನಾಲ್ಕನ್ನೂ ಒಟ್ಟಿಗೆ ಕೊಳ್ಳುವುದು ಉತ್ತಮ. ಕೈ ಸಾಲದೆ ಎರಡನ್ನೇ ಕೊಂಡರೆ ಅವು ಹಿಂದಕ್ಕೆ ಹೋಗಬೇಕು. ಮುಂದಿನವು ಜಾರಿದರೆ ಗಾಡಿ ನೆಟ್ಟಗೆ ಹೋಗಲು ನೋಡುತ್ತದೆ, ಚಾಲಕನಿಗೆ ತಿಳಿಯುತ್ತದೆ. ಹಿಂದಿನವು ಜಾರಿದರೆ ಬುಗುರಿಯಂತೆ ಸುತ್ತುತ್ತದೆ.

ಕೊನೆಯದಾಗಿ ಗಾಳಿ. ೨೭ ಡಿಗ್ರಿ ತಂಪಿನಲ್ಲಿ ೩೦ ಪೌಂಡು ಹಿಡಿಸಿದ ಟಯರು ನಾಲ್ಕಾರು ಸುತ್ತು ಓಡಿ ಒಳಗಣ ಗಾಳಿ ೬೭ ಡಿಗ್ರಿಗೆ ಕಾದರೆ ಒತ್ತಡವು ೩೬ ಪೌಂಡಿಗೆ ಏರುತ್ತದೆ. ಆಗ ಟಯರಿನ ನಡು ಉಬ್ಬಿ ಅಂಚುಗಳು ನೆಲ ಬಿಡುತ್ತವೆ, ಹಿಡಿತ ಕುಗ್ಗುತ್ತದೆ. ಆದುದರಿಂದ ಅಲ್ಲಿ ಓಟದಿಂದ ಬಂದೊಡನೆಯೇ ಅಳೆದು ಎರಡೆರಡು ಪೌಂಡು ಇಳಿಸುವ ರೂಢಿಯುಂಟು. ಅನೇಕರು ಸಂಜೆ ಹೊರಡುವಾಗ ಇದನ್ನು ಮರೆಯುತ್ತಾರೆ. ಟಯರು ತಣ್ಣಗಾದ ಮೇಲೆ ಅದರಲ್ಲಿ ೨೫–೨೬ ಪೌಂಡು ಮಾತ್ರ ಉಳಿದಿರುತ್ತದೆ. ಸಾಮಾನು ತುಂಬಿದ ಗಾಡಿ ಹೆದ್ದಾರಿಯಲ್ಲಿ ಹಾಗೆ ಓಡಿದರೆ ಪಕ್ಕದ ಗೋಡೆ ಬಳುಕಿ ಕಾದು ಒಡೆಯಬಹುದು. ಮಗನ ಕೈಗೆ ಒಳ್ಳೆಯದೊಂದು ಗಾಳಿ ಅಳೆಯುವ ಸಾಧನವನ್ನು ತಂದೆಯವರೇ ಕೊಂಡುಕೊಡಲಿ. ಚಕ್ರಗಳನ್ನು ಬದಲಾಯಿಸಿದ ದಿನ ಐವತ್ತು ಅರುವತ್ತು ಕಿಲೋಮೀಟರು ಬಂದ ಮೇಲೆ, ಕಾಫಿಗೆ ನಿಂತಾಗ, ನಟ್ಟುಗಳನ್ನು ಒಮ್ಮೆ ಬಿಗಿದು ನೋಡುವಂತೆಯೂ ಹೇಳಲಿ.